ಅಜ್ಜನ ಕೋವಿಗೆ ಬೆಲೆ ಕಟ್ಟೋದು ಹೇಗೆ?

ಕಳೆದ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ದೊಡ್ಡಪ್ಪ ಕೇಳಿದ ಮೊದಲ ಪ್ರಶ್ನೆ ಸಿಜಿಪಿಎ ಬಗ್ಗೆ ಅಲ್ಲ. "ನೀನು ಮೆಕ್ಯಾನಿಕಲ್ ಓದ್ತಿದೀಯಲ್ಲ ಮಾರಾಯ, ಅಜ್ಜನ ಕೋವಿಗೆ ಎಷ್ಟು ಬರಬಹುದು ಹೇಳು ನೋಡೋಣ" ಅಂದರು. ನನಗೆ ಗೊತ್ತಿದ್ದದ್ದು ಡಿಪ್ರಿಸಿಯೇಷನ್ ಲೆಕ್ಕ ಒಂದೇ. ಕೊಂಡ ಬೆಲೆಯಲ್ಲಿ ಉಳಿಕೆ ಬೆಲೆ ಕಳೆದು ಆಯುಷ್ಯದಿಂದ ಭಾಗಿಸು, ಮುಗೀತು. ಆ ಸೂತ್ರಕ್ಕೆ ಅರವತ್ತು ವರ್ಷದ ಕೋವಿಯನ್ನು ಹಾಕಿದರೆ ಉತ್ತರ ಸೊನ್ನೆ. ಆದರೆ ಪಕ್ಕದ ತೋಟದವರು ಆಗಲೇ ಬಂದು ಒಂದು ಮೊತ್ತ ಹೇಳಿ ಹೋಗಿದ್ದರು. ಸೊನ್ನೆಗೆ ಯಾರೂ ಅಷ್ಟು ದೂರ ಜೀಪು ಓಡಿಸಿಕೊಂಡು ಬರಲ್ಲ.

ಕೋವಿ ಯಾವುದು ಅಂದರೆ, ಬ್ರನೋ ಮಾಡೆಲ್ 2, ಪಾಯಿಂಟ್ ಟೂ-ಟೂ. ಅಜ್ಜ ತೀರಿಕೊಂಡ ಮೇಲೆ ಅದು ಪೇಟೆಯ ಡೀಲರ್ ಅಂಗಡಿಯಲ್ಲಿ ಠೇವಣಿ ಇದೆ, ತಿಂಗಳು ತಿಂಗಳು ಬಾಡಿಗೆ ಏರ್ತಾ ಇದೆ. ದೊಡ್ಡಪ್ಪನ ಲೈಸೆನ್ಸಿನಲ್ಲಿ ಈಗಾಗಲೇ ಎರಡು ಕೋವಿ ಇವೆ, ಮೂರನೆಯದಕ್ಕೆ ಜಾಗ ಇಲ್ಲ. ಅಪ್ಪನಿಗೆ ಬೇಡ. ಅತ್ತೆಗೆ ಕೋವಿ ಬೇಡ, ಪಾಲು ಬೇಕು, ಅದು ನ್ಯಾಯವೇ. ಅಜ್ಜಿಗೆ ಕಾಫಿ ಒಣಗಿಸೋ ಕಣಕ್ಕೆ ಈ ವರ್ಷವಾದರೂ ಸಿಮೆಂಟ್ ಹಾಕಿಸಬೇಕು. ಪಕ್ಕದ ತೋಟದವರು ಹೇಳಿದ ರೇಟಿಗೆ ಕೊಟ್ಟು ಆಮೇಲೆ ಅದು ಕಡಿಮೆಯಾಯಿತು ಅಂತ ಗೊತ್ತಾದರೆ ಅಣ್ಣ ತಂಗಿ ಮಾತು ಬಿಡೋದು ಗ್ಯಾರಂಟಿ. ಹಾಗಾಗಿ ಲೆಕ್ಕ ಸರಿಯಾಗಿ ಮಾಡಲೇಬೇಕಿತ್ತು. ಮಾಡಿದ ರೀತಿಯನ್ನು ಇಲ್ಲಿ ಬರೀತಿದೀನಿ. ಮಲೆನಾಡು, ಕೊಡಗಿನ ಕಡೆಯ ಎಷ್ಟೋ ಗೆಳೆಯರ ಮನೆಯಲ್ಲಿ ಇಂಥದ್ದೇ ಒಂದು ಕೋವಿ ಇರುತ್ತೆ. ಇಲ್ಲದವರಿಗೂ, ಹಳೇ ಲೇಥ್, ಹಳೇ ಬುಲೆಟ್, ಹಳೇ ಕ್ಯಾಮೆರಾ ಯಾವುದೇ ಇರಲಿ, ದಾರಿ ಹೆಚ್ಚುಕಡಿಮೆ ಇದೇ.

ಒಂದು ಮಾತು ಮೊದಲೇ. ರೂಪಾಯಿ ಅಂಕಿ ಬೇಕಂತಲೇ ಬರೆಯುತ್ತಿಲ್ಲ. ಕೋವಿ ಬೆಲೆ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ. ಒಳ್ಳೆ ಸ್ಥಿತಿಯ, ಏನೂ ಬದಲಾವಣೆ ಆಗದ ಇದೇ ಮಾಡೆಲ್ ನಮ್ಮ ಭಾಗದಲ್ಲಿ ಈಗ ಮಾರಾಟವಾಗೋ ಬೆಲೆಯನ್ನು 100 ಅಂತಿಟ್ಟುಕೊಳ್ಳಿ. ಆ ಅಳತೆಯಲ್ಲಿ ಪಕ್ಕದ ತೋಟದವರು ಹೇಳಿದ್ದು 40. ದೊಡ್ಡಪ್ಪನ ಮನಸ್ಸಿನಲ್ಲಿದ್ದದ್ದು 120.

ಈ 100 ಎಲ್ಲಿಂದ ಬಂತು?

ಮೊದಲ ತಪ್ಪು ಇಲ್ಲೇ ಆಗೋದು. ಮಾರೋರು ಕೇಳೋ ಬೆಲೆ ಬೇರೆ, ಕೈ ಬದಲಾದ ಬೆಲೆ ಬೇರೆ. ದೊಡ್ಡಪ್ಪನ 120 ಬಂದದ್ದು ಯಾರೋ ಪರಿಚಯದವರು "ನಾನು ಇಷ್ಟಕ್ಕೆ ಕಮ್ಮಿ ಕೊಡಲ್ಲ" ಅಂದಿದ್ದರಿಂದ. ಆ ಕೋವಿ ಇವತ್ತಿಗೂ ಅವರ ಮನೆಯಲ್ಲೇ ಇದೆ! ಮಾರಾಟವಾಗದೆ ಉಳಿದ ಬೆಲೆ ಡೇಟಾ ಅಲ್ಲ, ಆಸೆ. ನಾವು ಇಬ್ಬರು ಡೀಲರ್‌ಗಳ ಹತ್ತಿರ ಹೋಗಿ, ಇತ್ತೀಚೆಗೆ ನಿಜವಾಗಿ ಮಾರಾಟವಾದ ಇದೇ ಮಾಡೆಲ್‌ನ ಬೆಲೆ ಕೇಳಿದೆವು. ಮೂರು ಸಿಕ್ಕವು, ಮಧ್ಯದ್ದನ್ನು ಇಟ್ಟುಕೊಂಡೆವು. ಮೂರೇ ಮೂರು ಸ್ಯಾಂಪಲ್‌ಗೆ ಸರಾಸರಿ ತೆಗೆದರೆ ಒಂದು ವಿಚಿತ್ರ ಮಾರಾಟ ಎಲ್ಲವನ್ನೂ ಎಳೆದುಬಿಡುತ್ತೆ, ಮೀಡಿಯನ್ ಹಾಗಲ್ಲ.

ಈಗ ಬ್ರನೋ ಯಾಕೆ ಅಷ್ಟು ಬೇಡಿಕೆಯ ಹೆಸರು ಅಂತ ನೋಡೋಣ. ಬ್ರ್ನೋ ಅನ್ನೋದು ಜೆಕ್ ದೇಶದ ಊರು. ಮೆಂಡೆಲ್ ಬಟಾಣಿ ಗಿಡ ಬೆಳೆಸಿದ ಮಠ ಇರೋದು ಅದೇ ಊರಲ್ಲಿ. ಬ್ರೆನ್ ಗನ್ನಿನ ಹೆಸರಿನ ಮೊದಲ ಎರಡು ಅಕ್ಷರ ಕೂಡ ಅಲ್ಲಿಂದಲೇ ಬಂದದ್ದು, ಉಳಿದೆರಡು ಇಂಗ್ಲೆಂಡಿನ ಎನ್‌ಫೀಲ್ಡ್‌ನಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಕಾರ್ಖಾನೆ ಮಾಡಿದ ಈ ಸಣ್ಣ ಬೋಲ್ಟ್ ಆ್ಯಕ್ಷನ್ ರೈಫಲ್‌ಗಳು, ಆ ಬೆಲೆಗೆ ನಿರೀಕ್ಷೆ ಮಾಡದಷ್ಟು ಅಚ್ಚುಕಟ್ಟಾಗಿದ್ದವು. ಆದರೆ ನಮ್ಮ ದೇಶದಲ್ಲಿ ಅವುಗಳ ಬೆಲೆಗೆ ಇನ್ನೂ ದೊಡ್ಡ ಕಾರಣ ಗುಣಮಟ್ಟ ಅಲ್ಲ, ಆಮದು. 1980ರ ದಶಕದಿಂದ ಸಾಮಾನ್ಯ ಲೈಸೆನ್ಸ್‌ದಾರ ವಿದೇಶಿ ಕೋವಿ ತರಿಸಿಕೊಳ್ಳೋದು ಹೆಚ್ಚುಕಡಿಮೆ ನಿಂತೇಹೋಗಿದೆ. ದೇಶದೊಳಗೆ ಇರೋದಷ್ಟೇ ಸುತ್ತಬೇಕು, ಹೊಸದು ಬರಲ್ಲ. ಹಾಗಾಗಿ ಯುರೋಪಿನಲ್ಲೋ ಅಮೆರಿಕದಲ್ಲೋ ಇದೇ ಕೋವಿಗೆ ಇರೋ ಬೆಲೆ ನೋಡಿ ಇಲ್ಲಿಗೆ ಲೆಕ್ಕ ಹಾಕಬೇಡಿ. ಇಲ್ಲಿ ಅದರ ಎಷ್ಟೋ ಪಟ್ಟು ಇರುತ್ತೆ.

ಇದಕ್ಕೆ ಉಲ್ಟಾ ಎಳೆಯೋ ಬಲವೂ ಒಂದಿದೆ. 2019ರ ತಿದ್ದುಪಡಿಗೆ ಮೊದಲು ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು. ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿ, ಹೆಚ್ಚಿಗೆ ಇರೋದನ್ನು ಒಂದು ವರ್ಷದೊಳಗೆ ಒಪ್ಪಿಸಿ ಅಂದಿತು. ಮೂರು ಇದ್ದವರು ಒಂದನ್ನು ಬಿಡಲೇಬೇಕಾಯಿತು, ಎರಡು ಇದ್ದವರು ಇನ್ನೊಂದನ್ನು ಕೊಳ್ಳೋ ಹಾಗಿಲ್ಲ. ಪೂರೈಕೆ ಮೇಲೆ, ಬೇಡಿಕೆ ಕೆಳಗೆ. ನಮ್ಮ ದೊಡ್ಡಪ್ಪ ಸಿಕ್ಕಿಹಾಕಿಕೊಂಡಿದ್ದೂ ಇದರಲ್ಲೇ.

ಇನ್ನು ಕೊಳ್ಳೋರು ಯಾರು? ಇದನ್ನು ಶಿಕಾರಿ ಕೋವಿ ಅಂತಲೇ ಕರೀತೀವಿ, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈಡಿಗೆ ಹೋಗೋ ಕಾಲ ಮುಗೀತು. ಅಜ್ಜನ ಮೊಲ, ಕಾಡುಕೋಳಿ ಕಥೆಗಳೆಲ್ಲ ಅದಕ್ಕಿಂತ ಹಿಂದಿನವು. ಬೆಳೆ ಕಾಯೋಕೆ ಅಂತ ಲೈಸೆನ್ಸ್ ತಗೊಳ್ಳೋರು ಸಾಮಾನ್ಯವಾಗಿ ಹನ್ನೆರಡು ಬೋರಿನ ತೋಟಾಕೋವಿ ನೋಡ್ತಾರೆ. 5.6 ಮಿಲಿಮೀಟರ್‌ನ ಈ ಸಣ್ಣ ಗುಂಡು ಕಾಡುಹಂದಿ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಹಾಗಾದರೆ ಉಳಿದ ಗಿರಾಕಿಗಳು ಗುರಿ ಅಭ್ಯಾಸ ಮಾಡೋರು, ಇಂಥ ಹಳೇ ಯಂತ್ರದ ಮೇಲೆ ಪ್ರೀತಿ ಇರೋರು. ಅವರು ನೋಡೋದೇ ಬೇರೆ. ಮೊದಲು ನಳಿಗೆಯೊಳಗೆ ಇಣುಕುತ್ತಾರೆ.

ಮೇಜಿನ ಮೇಲೆ

ಡೀಲರ್ ಅಂಗಡಿ ಯಜಮಾನರು ದೊಡ್ಡ ಮನಸ್ಸಿನವರು. ಒಂದು ಮಧ್ಯಾಹ್ನ ಅವರೇ ಎದುರಿಗೆ ಕೂತು, ಖಾಲಿ ಇದೆ ಅಂತ ಎರಡು ಸಲ ಖಾತ್ರಿ ಮಾಡಿ, ಬೋಲ್ಟ್ ತೆಗೆದು ಮೇಜಿನ ಮೇಲಿಟ್ಟರು. ನಮಗೆ ಲೈಸೆನ್ಸ್ ಇಲ್ಲದ ಕಾರಣ ಅಂಗಡಿಯಿಂದ ಆಚೆ ತಗೊಂಡು ಹೋಗೋ ಪ್ರಶ್ನೆಯೇ ಇಲ್ಲ.

ಮೊದಲು ಮೈ ಬಣ್ಣ. ಕೋವಿಯ ಉಕ್ಕಿಗಿರೋ ಆ ಕಪ್ಪುನೀಲಿ ಪೇಂಟ್ ಅಲ್ಲ, ಬ್ಲೂಯಿಂಗ್. ಅಂದರೆ ನಾವೇ ಬೇಕಂತ ಬೆಳೆಸಿದ ತುಕ್ಕು. ಉಕ್ಕಿನ ಮೇಲ್ಮೈಯನ್ನು ಮ್ಯಾಗ್ನಟೈಟ್ ಆಗಿ ಬದಲಿಸಿದ ಒಂದು ತೆಳ್ಳನೆ ಪದರ. ಕೆಂಪು ತುಕ್ಕಿನ ಹಾಗೆ ಉದುರಲ್ಲ, ಎಣ್ಣೆ ಹಿಡಿದಿಟ್ಟುಕೊಳ್ಳುತ್ತೆ. ಮೆಟೀರಿಯಲ್ ಸೈನ್ಸ್ ವೈವಾದಲ್ಲಿ ನನಗೆ ಈ ಪ್ರಶ್ನೆ ಬಂದಿದ್ದರೆ ಪಾಸಾಗ್ತಿದ್ದೆ. ಹಳೇ ಕೋವಿ ವ್ಯಾಪಾರದಲ್ಲಿ ಕಾರ್ಖಾನೆಯ ಮೂಲ ಬ್ಲೂಯಿಂಗ್ ಶೇಕಡಾ ಎಷ್ಟು ಉಳಿದಿದೆ ಅನ್ನೋದೇ ಸ್ಥಿತಿಯ ಅಳತೆ. 98, 95, 90, 80, 60 ಹೀಗೆ ಇಳೀತಾ ಹೋಗುತ್ತೆ. ಬೆಲೆ ಇದರ ಜೊತೆ ಸರಳರೇಖೆಯಲ್ಲಿ ಇಳಿಯಲ್ಲ. 98ರಿಂದ 90ಕ್ಕೆ ಇಳಿದಾಗ ಆಗೋ ನಷ್ಟ ದೊಡ್ಡದು, 60ರಿಂದ 50ಕ್ಕೆ ಇಳಿದಾಗ ಅಷ್ಟು ವ್ಯತ್ಯಾಸ ಇಲ್ಲ. ನಮ್ಮದು ಸುಮಾರು 70. ಅಜ್ಜ ಯಾವಾಗಲೂ ಒಂದೇ ಜಾಗದಲ್ಲಿ ಹಿಡಿದು ಹೆಗಲಿಗೆ ಹಾಕ್ತಿದ್ದರು, ಆ ಜಾಗ ಬೆಳ್ಳಗೆ ಹೊಳೀತಿತ್ತು.

ಇದನ್ನು ನೋಡಿಯೇ ದೊಡ್ಡಪ್ಪ, "ನಮ್ಮೂರಲ್ಲಿ ಒಬ್ಬ ಇದಾನೆ, ಕಪ್ಪು ಪಾಲಿಶ್ ಹೊಡೆದು ಹೊಸದರ ಹಾಗೆ ಮಾಡಿಕೊಡ್ತಾನೆ. ಮಾಡಿಸಿ ಮಾರಿದರೆ 120 ಖಂಡಿತ" ಅಂದರು. ಅಂಗಡಿ ಯಜಮಾನರು ಕನ್ನಡಕದ ಮೇಲಿಂದ ನೋಡಿ, "ಹಾಗೆ ಮಾಡಿಸಿದರೆ ನಾನೇ ತಗೊಳ್ಳಲ್ಲ" ಅಂದರು.

ಕಾರಣ ಹೀಗೆ. ಮತ್ತೆ ಬ್ಲೂಯಿಂಗ್ ಮಾಡೋಕೆ ಮೊದಲು ಹಳೇ ಪದರವನ್ನೂ ತುಕ್ಕಿನ ಗುಳಿಗಳನ್ನೂ ಉಜ್ಜಿ ತೆಗೀಬೇಕು. ಬಫಿಂಗ್ ಚಕ್ರಕ್ಕೆ ಕಂಪನಿ ಗುರುತು, ಪ್ರೂಫ್ ಮುದ್ರೆ, ನಂಬರ್ ಅಂತ ಭೇದ ಇಲ್ಲ, ಎಲ್ಲದರ ಅಂಚೂ ಕರಗುತ್ತೆ. ಚೂಪಾಗಿದ್ದ ಮೂಲೆಗಳು ಸೋಪಿನ ತುಂಡಿನ ಹಾಗೆ ದುಂಡಗಾಗುತ್ತವೆ. ಆಮೇಲೆ ಕೊಳ್ಳೋನ ತಲೆಯಲ್ಲಿ ಒಂದೇ ಪ್ರಶ್ನೆ: ಈ ಪಾಲಿಶ್ ಕೆಳಗೆ ಏನು ಮುಚ್ಚಿಟ್ಟಿದಾರೆ? ಸೆಕೆಂಡ್ ಹ್ಯಾಂಡ್ ಕಾರಿಗೆ ಫುಲ್ ಪೇಂಟ್ ಆಗಿದ್ದರೆ ನೀವು ಏನು ಯೋಚನೆ ಮಾಡ್ತೀರೋ ಅದೇ. ನಂಬರ್ ಮಸುಕಾದರಂತೂ ಬೆಲೆ ಹೋಗೋದಲ್ಲ, ಪೊಲೀಸ್ ಠಾಣೆಗೆ ಹೋಗೋದು.

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ವಿಂಚೆಸ್ಟರ್ ಮಾಡೆಲ್ 70 ಅನ್ನೋ ಶಿಕಾರಿ ರೈಫಲ್ 1936ರಲ್ಲಿ ಬಂತು. 1964ರಲ್ಲಿ ಕಂಪನಿ ಖರ್ಚು ಉಳಿಸೋಕೆ ತಯಾರಿಕೆಯ ವಿಧಾನ ಬದಲಿಸಿತು. ಮರದ ಮೇಲೆ ಕೊರೆದ ಗೀರುಗಳ ಬದಲು ಅಚ್ಚೊತ್ತಿದ ಗೀರು ಬಂತು, ತೋಟಾವನ್ನು ಮೊದಲಿಂದಲೇ ಹಿಡಿದು ಒಳಗೆ ನೂಕುತ್ತಿದ್ದ ದೊಡ್ಡ ಕೊಕ್ಕೆ ಹೋಯಿತು. ಜನ ಅದನ್ನು ಕ್ಷಮಿಸಲೇ ಇಲ್ಲ. ಇವತ್ತಿಗೂ 'ಪ್ರಿ-64' ಅನ್ನೋದೇ ಅಲ್ಲಿ ಬೆಲೆಯ ಒಂದು ಗೆರೆ. ಅದರಲ್ಲೂ ಪಾಯಿಂಟ್ ಟೂ-ಟೂ ಹಾರ್ನೆಟ್ ಅನ್ನೋ ಸಣ್ಣ ತೋಟಾಕ್ಕೆ ಮಾಡಿದವನ್ನು ಸಂಗ್ರಹಕಾರರು ಹುಡುಕಿಕೊಂಡು ಬರ್ತಾರೆ. ಆದರೆ ಅಂಥದ್ದಕ್ಕೂ ಯಾರೋ ಮಧ್ಯದಲ್ಲಿ ದುರ್ಬೀನು ಕೂರಿಸೋಕೆ ಹೊಸದಾಗಿ ನಾಲ್ಕು ತೂತು ಕೊರೆದಿದ್ದರೆ ಸಂಗ್ರಹಕಾರ ಹಿಂದೆ ಸರೀತಾನೆ. ಡ್ರಿಲ್ಲಿಂಗ್ ಮಷೀನಿಗೆ ರಿವರ್ಸ್ ಗೇರ್ ಇದೆ, ತೂತಿಗೆ ಇಲ್ಲ.

ಬಣ್ಣ ಆಯಿತು, ಇನ್ನು ನಳಿಗೆ. ಟೂ-ಟೂ ಕೋವಿಯ ನಳಿಗೆ ಗುಂಡು ಹೊಡೆದು ಸವೆಯೋದು ತುಂಬಾ ನಿಧಾನ. ಗುಂಡು ಮೆತ್ತನೆ ಸೀಸ, ತೋಟಾದಲ್ಲಿ ಮದ್ದೂ ಸ್ವಲ್ಪ. ಅದನ್ನು ಹಾಳು ಮಾಡೋದು ತುಕ್ಕು ಮತ್ತು ಒರೆಸೋ ಸರಳು. ತುಂಬಾ ಹಳೇ ಕಾಲದ ತೋಟಾಗಳ ಪ್ರೈಮರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರ್ತಿತ್ತು. ಸಿಡಿದ ಮೇಲೆ ಉಳಿಯೋದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಗಾಳಿಯಿಂದ ನೀರೆಳೆದುಕೊಂಡು ಒಳಗೇ ಗುಳಿ ತೋಡುತ್ತೆ. ನಮ್ಮ ಕೋವಿ ಬರೋ ಹೊತ್ತಿಗೆ ಅಂಥ ತೋಟಾ ಹೋಗಿತ್ತು. ನಮ್ಮಲ್ಲಿ ಕೆಲಸ ಕೆಡಿಸಿದ್ದು ಮಲೆನಾಡಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಗೇ ಬೂಸ್ಟು ಹಿಡಿಯೋ ಮನೆಯಲ್ಲಿ ಉಕ್ಕಿನ ಪಾಡು ಕೇಳಬೇಕೆ?

ಯಜಮಾನರು ಸಣ್ಣ ಬೆಳಕು ಬಿಟ್ಟು ತೋರಿಸಿದರು. ಉಂಗುರದ ಹಾಗೆ ಕಪ್ಪು ನೆರಳು ಕಂಡರೆ ನಳಿಗೆ ಒಳಗೆ ಉಬ್ಬಿದೆ ಅಂತ ಅರ್ಥ. ಒಂದು ಗುಂಡು ಸಿಕ್ಕಿಕೊಂಡಿದ್ದಾಗ ಇನ್ನೊಂದು ಹೊಡೆದರೆ ಹಾಗಾಗುತ್ತೆ. ಅಂಥ ನಳಿಗೆಗೆ ಬೆಲೆ ಇಲ್ಲ, ಅಪಾಯ ಇದೆ. ನಮ್ಮದರಲ್ಲಿ ಉಂಗುರ ಇರಲಿಲ್ಲ, ಆದರೆ ತುದಿಯ ಹತ್ತಿರ ಒಂದು ಬೆರಳಿನಷ್ಟು ಉದ್ದಕ್ಕೆ ಸಣ್ಣ ಗುಳಿಗಳಿದ್ದವು. ತುದಿಯ ಅಂಚು, ಅಂದರೆ ಕ್ರೌನ್, ಒಂದು ಕಡೆ ಸ್ವಲ್ಪ ಸವೆದಿತ್ತು. ಬೋಲ್ಟ್ ತೆಗೆದು ಹಿಂದಿನಿಂದ ಒರೆಸಬೇಕಾದ್ದನ್ನು ಮುಂದಿನಿಂದ ಸರಳು ತುರುಕಿ ಒರೆಸಿದರೆ ಹೀಗಾಗುತ್ತೆ. ಗುಂಡು ನಳಿಗೆ ಬಿಡೋ ಕೊನೆಯ ಕ್ಷಣದಲ್ಲಿ ಮುಟ್ಟೋದು ಆ ಅಂಚನ್ನೇ. ಅದು ಒಂದು ಕಡೆ ಸವೆದರೆ ಹಿಂದಿನಿಂದ ಬರೋ ಗಾಳಿ ಒಂದು ಕಡೆ ಮೊದಲು ನುಗ್ಗುತ್ತೆ, ಗುರಿ ಕೆಡುತ್ತೆ.

ಇನ್ನೊಂದು ಟೂ-ಟೂಗೇ ವಿಶೇಷ. ಇದರ ತೋಟಾಕ್ಕೆ ಮಧ್ಯದಲ್ಲಿ ಪ್ರೈಮರ್ ಇಲ್ಲ, ಸಿಡಿಯೋ ಮದ್ದು ಅಂಚಿನ ಮಡಿಕೆಯಲ್ಲಿರುತ್ತೆ. ಪಿನ್ ಹೊಡೆಯೋದು ಅಂಚಿಗೆ. ಖಾಲಿ ಕೋವಿಯ ಟ್ರಿಗರ್ ಸುಮ್ಮನೆ ಎಳೀತಾ ಇದ್ದರೆ ಆ ಪಿನ್ ಚೇಂಬರಿನ ಬಾಯಿಗೇ ಬಡಿದು ಅಲ್ಲಿ ಗುಂಡಿ ಬೀಳಬಹುದು. ಮಕ್ಕಳ ಕೈಗೆ ಸಿಕ್ಕ ಕೋವಿಗಳಲ್ಲಿ ಇದು ಸಾಮಾನ್ಯವಂತೆ. ನಮ್ಮದರಲ್ಲಿ ಇರಲಿಲ್ಲ. ಅಜ್ಜ ನಮ್ಮನ್ನು ಮುಟ್ಟೋಕೆ ಬಿಟ್ಟಿದ್ದರೆ ತಾನೇ!

ಮರದ ಸ್ಟಾಕ್ ಹಿಂದುಗಡೆ ಹಳೇ ಬಿರುಕು, ಯಾರೋ ಅಂಟು ಹಾಕಿ ಸರಿಮಾಡಿದ್ದರು. ಸ್ಕ್ರೂಗಳ ಗಾಡಿ ಹರಿದಿರಲಿಲ್ಲ, ಅಂದರೆ ಅಡ್ಡ ಕೈಗಳು ಬಿಚ್ಚಿಲ್ಲ. 200 ಮೀಟರ್ ತನಕ ಗುರುತಿರೋ ಹಿಂದಿನ ಸೈಟ್ ಇತ್ತು, ಐದು ತೋಟಾದ ಮೂಲ ಮ್ಯಾಗಜೀನ್ ಇತ್ತು. ನಳಿಗೆ ಬುಡದಲ್ಲಿ ಜೆಕ್ ಸಿಂಹದ ಪ್ರೂಫ್ ಮುದ್ರೆ, ಪಕ್ಕದಲ್ಲಿ ಎರಡಂಕಿಯ ವರ್ಷ. ಹುಟ್ಟಿದ ವರ್ಷ ಹೀಗೆ ಸಿಗುತ್ತೆ. ಆದರೆ ಹಳೇದು ಅನ್ನೋ ಒಂದೇ ಕಾರಣಕ್ಕೆ ಯಾರೂ ಹೆಚ್ಚು ಕೊಡಲ್ಲ.

ಲೆಕ್ಕ

ಗುಣಕಗಳು ನನ್ನ ಮತ್ತು ಯಜಮಾನರ ಅಂದಾಜು, ಶಾಸ್ತ್ರ ಅಲ್ಲ. ಬಣ್ಣಕ್ಕೆ 0.85, ನಳಿಗೆಗೆ 0.85, ಸ್ಟಾಕ್ ಬಿರುಕಿಗೆ 0.9. ಮೂರನ್ನೂ 100ಕ್ಕೆ ಗುಣಿಸಿದರೆ 65. ಡೀಲರ್ ಮೂಲಕ ಮಾರಿದರೆ ಅವರ ಕಮಿಷನ್ ಹತ್ತು ಪರ್ಸೆಂಟ್ ಅಂತಿಟ್ಟುಕೊಂಡರೆ ಕೈಗೆ ಬರೋದು ಸುಮಾರು 58. ಮೂರೇ ಸ್ಯಾಂಪಲ್ ಇಟ್ಟುಕೊಂಡು ಒಂದೇ ಅಂಕಿ ಹೇಳೋದು ಸುಳ್ಳು ಹೇಳಿದ ಹಾಗೆ. ಹದಿನೈದು ಪರ್ಸೆಂಟ್ ಆಚೀಚೆ ಬಿಟ್ಟರೆ 50ರಿಂದ 67ರವರೆಗೆ.

ಇದರಲ್ಲಿ ಒಂದು ತಪ್ಪಿದೆ, ಗಮನಿಸಿದಿರಾ? ಹೀಗೆ ಗುಣಿಸೋದು ಮೂರೂ ದೋಷಗಳು ಒಂದಕ್ಕೊಂದು ಸಂಬಂಧ ಇಲ್ಲದವು ಅನ್ನೋ ಹಾಗೆ. ಆದರೆ ಹೊರಗಿನ ಬಣ್ಣ ಹೋದದ್ದಕ್ಕೂ ಒಳಗಿನ ಗುಳಿಗೂ ಕಾರಣ ಅದೇ ಮಳೆ. ಕೊಳ್ಳೋನು ಒಂದೇ ಕಾಯಿಲೆಗೆ ಎರಡು ಸಲ ಬೆಲೆ ಕಡಿಮೆ ಮಾಡಲ್ಲ. ಹಾಗಾಗಿ 50 ಅನ್ನೋ ಕೆಳಗಿನ ತುದಿ ಸ್ವಲ್ಪ ಅತಿಯಾಯಿತು, ನಾನು 54ರ ಕೆಳಗೆ ಬೇಡ ಅಂದೆ.

ಪಾಲಿಶ್ ಹೊಡೆಸಿದ್ದರೆ? ಬಣ್ಣದ ಗುಣಕ 0.65ಕ್ಕಿಂತ ಮೇಲೆ ಹೋಗಲ್ಲ ಅಂದರು ಯಜಮಾನರು. ಆಗ ಮೂರನ್ನೂ ಗುಣಿಸಿದರೆ ಸುಮಾರು 50, ಕಮಿಷನ್ ಕಳೆದು 45. ಪಾಲಿಶ್ ಕೂಲಿ 5 ಅಂದರೂ ಉಳಿಯೋದು 40. ಪಕ್ಕದ ತೋಟದವರು ಹೇಳಿದ ಮೊತ್ತ! ದುಡ್ಡು ಖರ್ಚು ಮಾಡಿ ಅಲ್ಲಿಗೇ ಬಂದು ನಿಲ್ಲೋದು. ದೊಡ್ಡಪ್ಪ ಆ ಕಾಗದವನ್ನು ಎರಡು ಸಲ ಓದಿದರು, ಏನೂ ಹೇಳಲಿಲ್ಲ. ಮಾರನೇ ದಿನ ಪಾಲಿಶಿನವನಿಗೆ ಫೋನ್ ಮಾಡಿ ಬೇಡ ಅಂದರಂತೆ.

ಕಾಗದ ಇಲ್ಲದ ಕೋವಿ

ಈ ಎಲ್ಲ ಗುಣಕಗಳಿಗಿಂತ ದೊಡ್ಡದೊಂದು ಗುಣಕ ಇದೆ. ಅದಕ್ಕೆ ಎರಡೇ ಬೆಲೆ, ಒಂದು ಅಥವಾ ಸೊನ್ನೆ. ಅದು ಕಾಗದ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ವ್ಯಕ್ತಿಗೆ ಕೊಡೋದು, ಮನೆಗೆ ಅಲ್ಲ. ಆ ವ್ಯಕ್ತಿ ತೀರಿಕೊಂಡ ಮೇಲೆ ಕೋವಿಯನ್ನು ಗೋಡೆಗೆ ನೇತುಹಾಕಿ ಇಟ್ಟುಕೊಳ್ಳೋ ಹಾಗಿಲ್ಲ. ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ತಿರವೋ ಠೇವಣಿ ಇಡಬೇಕು. ಅದೇ ಕಾಯ್ದೆಯ 21ನೇ ಸೆಕ್ಷನ್ ವಾರಸುದಾರರಿಗೆ ಒಂದು ದಾರಿ ಕೊಡುತ್ತೆ. ಅರ್ಹತೆ ಇದ್ದರೆ ವಾಪಸ್ ತಗೊಳ್ಳಬಹುದು, ಇಲ್ಲ ಅಂದರೆ ಅರ್ಹತೆ ಇರೋ ಬೇರೆಯವರಿಗೆ ಮಾರಿಸಿ ಹಣ ಪಡೀಬಹುದು. ಆದರೆ ಅದಕ್ಕೊಂದು ಅವಧಿ ಇದೆ. ಅಷ್ಟರೊಳಗೆ ಏನೂ ಮಾಡದಿದ್ದರೆ ಕೋವಿ ಸರ್ಕಾರಕ್ಕೆ ಸೇರುತ್ತೆ. ಅಂದರೆ ಅಣ್ಣ ತಮ್ಮ ಜಗಳ ಆಡ್ತಾ ಕೂತರೆ 58 ನಿಧಾನಕ್ಕೆ ಸೊನ್ನೆ ಕಡೆ ನಡೀತಿರುತ್ತೆ. ಬದುಕಿರೋ ಲೈಸೆನ್ಸ್‌ದಾರರು ನೇರವಾಗಿ ಇನ್ನೊಬ್ಬ ಲೈಸೆನ್ಸ್‌ದಾರರಿಗೆ ಮಾರೋದಾದರೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು.

ಅಜ್ಜ ಇದ್ದಾಗಲೇ ಇದನ್ನು ಸುಲಭ ಮಾಡಬಹುದಿತ್ತು ಅಂತ ಆಮೇಲೆ ಗೊತ್ತಾಯಿತು. 2016ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ 25 ವರ್ಷ ಅವರ ಹತ್ತಿರ ಇದ್ದರೆ, ಅವರು ಬದುಕಿದ್ದಾಗಲೇ ವಾರಸುದಾರರು ಆ ಕೋವಿಗೆ ಲೈಸೆನ್ಸ್ ಕೇಳಬಹುದು. ನಿಮ್ಮ ಮನೆಯಲ್ಲಿ ಅಜ್ಜ ಇದ್ದರೆ ಈಗಲೇ ಕೂತು ಮಾತಾಡಿ. ಕೊಡಗಿನ ಗೆಳೆಯರಿಗೆ ಬೇರೆ ಮಾತು: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರೋ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಆದರೆ ಕೊಳ್ಳೋನಿಗೆ ಆ ವಿನಾಯಿತಿ ಇಲ್ಲದಿದ್ದರೆ ಅವನಿಗೆ ಲೈಸೆನ್ಸ್ ಬೇಕೇ ಬೇಕು.

ನಮ್ಮ ಕಥೆಯಲ್ಲಿ ಸಿಕ್ಕಿದ್ದು ಇನ್ನೊಂದು ಮುಳ್ಳು. ಹೊರಡೋ ಮೊದಲು ಯಜಮಾನರು ಅಜ್ಜನ ಲೈಸೆನ್ಸ್ ಪುಸ್ತಕ ತೆಗೆದು ಕೋವಿಯ ನಂಬರ್ ಜೊತೆ ಬೆರಳಿಟ್ಟು ಒಂದೊಂದೇ ಅಂಕಿ ಹೋಲಿಸಿದರು. ನಾಲ್ಕನೇ ಅಂಕಿಗೆ ಬೆರಳು ನಿಂತಿತು. ಕೋವಿಯ ಮೇಲೆ 5, ಪುಸ್ತಕದಲ್ಲಿ 6. ಯಾವುದೋ ಕಾಲದ ರಿನ್ಯೂವಲ್‌ನಲ್ಲಿ ಕೈಬರಹದ 5 ಹೊಟ್ಟೆ ಮುಚ್ಚಿಕೊಂಡು 6 ಆಗಿತ್ತು. ಅಲ್ಲಿಂದ ಮುಂದೆ ಎಲ್ಲ ರಿನ್ಯೂವಲ್‌ನಲ್ಲೂ, ಕೊನೆಗೆ ಕಂಪ್ಯೂಟರ್‌ನಲ್ಲೂ ಅದೇ 6. ದಾಖಲೆ ಪ್ರಕಾರ ಅಜ್ಜನ ಹತ್ತಿರ ಇದ್ದ ಕೋವಿ ಇದಲ್ಲ, ಮತ್ತು ಈ ಕೋವಿ ಯಾರದ್ದೂ ಅಲ್ಲ! ಇದು ಸರಿಯಾಗೋ ತನಕ ಯಾವ ಗಿರಾಕಿಯೂ ಕೈ ಹಾಕಲ್ಲ, ಹಾಕಬಾರದು. ಪಕ್ಕದ ತೋಟದವರು "ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಬಿಡಿ" ಅಂದಿದ್ದು ಯಾಕೆ ಅಂತ ಆಗ ಅನುಮಾನ ಬಂತು. ಅವರು ಆ ಪುಸ್ತಕ ಮೊದಲೇ ನೋಡಿದ್ದರು.

ಸರಿಪಡಿಸೋಕೆ ಆಧಾರ ಬೇಕು, ಕೋವಿ ಕೊಂಡಾಗಿನ ಬಿಲ್ ಇದ್ದರೆ ಒಳ್ಳೇದು ಅಂದರು. ಮನೆಗೆ ಬಂದು ಅಜ್ಜನ ಬೀರು, ಟ್ರಂಕು, ತೋಟದ ಲೆಕ್ಕದ ಪುಸ್ತಕ ಎಲ್ಲ ಜಾಲಾಡಿದೆವು. ಎರಡು ದಿನ ಹುಡುಕಿದ ಮೇಲೆ ಅಜ್ಜಿ, "ಏನು ಹುಡುಕ್ತಿದೀರಿ ಅಂತ ನನ್ನ ಕೇಳಿದಿರಾ ಒಬ್ಬರಾದರೂ?" ಅಂತ ಎದ್ದು ಹೋಗಿ ತಮ್ಮ ಸೀರೆ ಪೆಟ್ಟಿಗೆಯ ತಳದಿಂದ ಒಂದು ಹಳದಿ ಕಾಗದ ತಂದುಕೊಟ್ಟರು. ಟೈಪ್ ಮಾಡಿದ ಬಿಲ್. ನಂಬರ್ ಸ್ಪಷ್ಟವಾಗಿತ್ತು, ನಾಲ್ಕನೇ ಅಂಕಿ 5.

ಬಿಲ್ಲಿನ ನಕಲು, ಡೀಲರ್ ಕೊಟ್ಟ ಠೇವಣಿ ರಸೀದಿ, ಮೂವರು ಮಕ್ಕಳ ಸಹಿ ಇರೋ ಅರ್ಜಿ, ಎಲ್ಲ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಪಕ್ಕದ ತೋಟದವರು ಈಗ 52ಕ್ಕೆ ಬಂದಿದ್ದಾರೆ. ದೊಡ್ಡಪ್ಪ 60 ಅಂತ ಕೂತಿದ್ದಾರೆ, ಅತ್ತೆಗೆ ಲೆಕ್ಕದ ಕಾಗದದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ದೇನೆ. ಅಜ್ಜಿ ಮೇಸ್ತ್ರಿಗೆ ಹೇಳಿ ಕಣ ಅಳೆಸಿಟ್ಟಿದ್ದಾರೆ.